ನಾಡಿಯೋ ಉಸಿರೋ?

ಹಂಪಿಯಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಆನೆಗೊಂದಿಯ ಸೀಮೆ ಕಾಣುತ್ತದೆ. 1948ರವರೆಗೆ ಅದು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಈಚೆಯ ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತ್ಯದಲ್ಲಿದ್ದವು. ಸಂಡೂರನ್ನು ಘೋರ್ಪಡೆ ಮನೆತನ ಆಳುತ್ತಿತ್ತು. ಆ ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ ನಡೆದ ಒಂದು ಪರೀಕ್ಷೆಯತ್ತ ಇಡೀ ವೈದ್ಯಲೋಕವೇ ಕಣ್ಣಿಟ್ಟಿತ್ತು.

1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ಅನ್ನು ಅರಿವಳಿಕೆಯಾಗಿ ಬಳಕೆಗೆ ತಂದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳುತ್ತಿದ್ದ 15 ವರ್ಷದ ಹುಡುಗಿ ಹನ್ನಾ ಗ್ರೀನರ್ ಈ ಮದ್ದಿನಡಿ ಪ್ರಾಣ ಬಿಟ್ಟಳು. ಇಂಥ ಸಾವಿನಲ್ಲಿ ಮೊದಲು ನಿಲ್ಲುವುದು ಉಸಿರೋ, ಹೃದಯವೋ? ವೈದ್ಯ ಯಾವುದರ ಮೇಲೆ ಕಣ್ಣಿಡಬೇಕು?

ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ, ‘ಉಸಿರನ್ನು ನೋಡಿದರೆ ಸಾಕು, ನಾಡಿ ಬೇಡ’ ಎಂದು ವಾದಿಸಿದರು. 1888ರ ಮೊದಲ ಆಯೋಗ ಅದನ್ನೇ ಹೇಳಿತು. ‘ಲ್ಯಾನ್ಸೆಟ್’ ಪತ್ರಿಕೆ ಸಂಶಯಪಟ್ಟಾಗ ನಿಜಾಮರ ಹಣದಿಂದ 1889ರಲ್ಲಿ ಎರಡನೆಯ ಆಯೋಗ ನಡೆಯಿತು. ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ತೀರ್ಪು ಬದಲಾಗಲಿಲ್ಲ. ಸಾವುಗಳೂ ನಿಲ್ಲಲಿಲ್ಲ.

1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ಹಗುರವಾಗಿ ಕ್ಲೋರೋಫಾರಂ ಕೊಟ್ಟು, ಸ್ವಲ್ಪ ಅಡ್ರಿನಲಿನ್ ಚುಚ್ಚಿದರು. ಅಡ್ರಿನಲಿನ್ ಹೃದಯದ ಬಡಿತವನ್ನು ಚುರುಕುಗೊಳಿಸುವ ವಸ್ತು. ಇಲ್ಲಿ ಮಾತ್ರ ಹೃದಯ ಅದುರಿ ನಿಂತುಹೋಯಿತು! ತೇರಿನ ಹಗ್ಗವನ್ನು ಎಲ್ಲರೂ ಕೂಡಿ ಎಳೆದರೆ ತೇರು ಸಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ? ಹೃದಯದ ಸ್ನಾಯುವಿನ ಎಳೆಗಳೂ ಹಾಗೆಯೇ ಬಿಡಿಬಿಡಿಯಾಗಿ ನಡುಗಿದವು. ರಕ್ತ ಮುಂದೆ ಹರಿಯಲಿಲ್ಲ. ಕ್ಲೋರೋಫಾರಂ ಹೃದಯವನ್ನು ಅಡ್ರಿನಲಿನ್‌ಗೆ ಅತಿಯಾಗಿ ಕೆರಳುವಂತೆ ಮಾಡಿತ್ತು.

ಹೆದರಿದವರ ದೇಹದಲ್ಲಿ, ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಅಡ್ರಿನಲಿನ್ ತಾನಾಗಿಯೇ ಹೊರಡುತ್ತದೆ. ಉಗುರು ತೆಗೆಯುವಂಥ ಸಣ್ಣ ಚಿಕಿತ್ಸೆಯಲ್ಲೂ, ಅರಿವಳಿಕೆ ಇನ್ನೂ ಹಗುರವಾಗಿರುವಾಗಲೇ ಸಾವು ಬರಬಲ್ಲದು ಏಕೆ ಎಂಬುದು ಹೀಗೆ ತಿಳಿಯಿತು.

ಹಾಗಾದರೆ ಹೈದರಾಬಾದಿನವರು ಕಂಡದ್ದು ಸುಳ್ಳೇ? ಅಲ್ಲ. ಮದ್ದು ಮಿತಿಮೀರಿದಾಗ ಉಸಿರು ಮೊದಲು ನಿಲ್ಲುವುದುಂಟು. ಅದೊಂದೇ ದಾರಿ ಎಂದು ತೀರ್ಮಾನಿಸಿ ನಾಡಿಯನ್ನು ಕೈಬಿಟ್ಟದ್ದು ತಪ್ಪಾಯಿತು.

1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್‌ಗೂ ಈ ಗುಣ ಸ್ವಲ್ಪ ಇತ್ತು. ಅದರ ಜೊತೆ ಅಡ್ರಿನಲಿನ್ ಕೊಡುವಾಗ ವೈದ್ಯರು ಅಳತೆ ಹಿಡಿದೇ ಕೊಡುತ್ತಿದ್ದರು. ಇಂದಿನ ಸೆವೋಫ್ಲೂರೇನ್‌ನಲ್ಲಿ ಈ ಗುಣ ಬಹಳ ಕಡಿಮೆ. ಹೃದಯ ನಿಂತಾಗ ಅದೇ ಅಡ್ರಿನಲಿನ್ ಜೀವರಕ್ಷಕ ಮದ್ದೂ ಹೌದು. ಇಂದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆ ತಜ್ಞರು ಉಸಿರು, ನಾಡಿ, ರಕ್ತದೊತ್ತಡ, ಇಸಿಜಿ ಎಲ್ಲವನ್ನೂ ಒಟ್ಟಿಗೇ ಗಮನಿಸುತ್ತಾರೆ.