ಎರಡು ರೂಪಾಯಿ ಷೇರಿನ ಹಳೇ ಕಥೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಲ್ಲೋ ಕ್ಯಾಬಲ್ಲೋ ಓದ್ಕೊಂಡು ಹೋಗೋರಿಗೆ.

ಆಫೀಸ್ ಕ್ಯಾಂಟೀನಲ್ಲಿ ಈ ಮಾತು ನೀವು ಕೇಳಿಯೇ ಇರ್ತೀರಿ. "ಗುರು, ಎರಡು ರೂಪಾಯಿ ಷೇರು. ಹತ್ತು ಸಾವಿರ ಹಾಕಿದ್ರೆ ಐದು ಸಾವಿರ ಷೇರು ಬರತ್ತೆ. ನಾಲ್ಕು ರೂಪಾಯಿ ಆದ್ರೆ ದುಡ್ಡು ಡಬಲ್. ಹೋದ್ರೆ ಎರಡು ರೂಪಾಯಿ ತಾನೆ?" ತಪ್ಪು ಇರೋದು ಆ ಕೊನೆಯ ಮಾತಿನಲ್ಲೇ. ಹೋಗೋದು ಎರಡು ರೂಪಾಯಿ ಅಲ್ಲ, ಹತ್ತು ಸಾವಿರ.

ಮೊದಲು ಒಂದು ಲೆಕ್ಕ. ಎರಡು ರೂಪಾಯಿಯ ನೂರು ಕೋಟಿ ಷೇರು ಇರುವ ಕಂಪನಿಗೆ ಮಾರುಕಟ್ಟೆ ಕಟ್ಟಿರೋ ಬೆಲೆ 200 ಕೋಟಿ. ಮೂರು ಸಾವಿರ ರೂಪಾಯಿಯ ಒಂದು ಲಕ್ಷ ಷೇರು ಇರುವ ಕಂಪನಿಗೆ 30 ಕೋಟಿ. ಯಾವುದು ಅಗ್ಗ? ಒಂದು ಷೇರಿನ ಬೆಲೆ ನೋಡಿ ಅಗ್ಗ, ದುಬಾರಿ ಅನ್ನೋಕಾಗಲ್ಲ. ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡವರ ಚರಿತ್ರೆ ನಮ್ಮ ದೇಶದಲ್ಲಿ ಮೂವತ್ತು ವರ್ಷಕ್ಕೂ ಹಳೆಯದು.

1992ರವರೆಗೆ ಕಂಪನಿಯೊಂದು ಜನರಿಗೆ ಷೇರು ಮಾರಬೇಕಾದ್ರೆ ದೆಹಲಿಯ ಸರ್ಕಾರಿ ಕಚೇರಿಯ ಒಪ್ಪಿಗೆ ಬೇಕಿತ್ತು. ಎಷ್ಟು ಬೆಲೆಗೆ ಮಾರಬೇಕು ಅನ್ನೋದನ್ನೂ ಅಲ್ಲೇ ತೀರ್ಮಾನ ಮಾಡ್ತಿದ್ದರು. ಆ ವರ್ಷ 1947ರ ಆ ಕಾಯ್ದೆ ರದ್ದಾಯ್ತು. ಸೆಬಿಗೆ ಕಾನೂನಿನ ಬಲ ಸಿಕ್ಕಿದ್ದೂ ಅದೇ ವರ್ಷ. ಅಂದ್ರೆ ಹಳೇ ಬಾಗಿಲು ಕಿತ್ತುಹೋಗಿತ್ತು, ಹೊಸ ಕಾವಲುಗಾರ ಇನ್ನೂ ಲಾಠಿ ಹಿಡಿಯೋದು ಕಲೀತಿದ್ದ. ಆಮೇಲಿನ ಮೂರ್ನಾಲ್ಕು ವರ್ಷ ಹೊಸ ಷೇರುಗಳ ಜಾತ್ರೆ. ಮುಂಬೈನ ಫೋರ್ಟ್ ಕಡೆ ಅರ್ಜಿ ಫಾರಂಗಳು ಫುಟ್‌ಪಾತ್ ಮೇಲೆ ಸಿಗ್ತಿದ್ದವು. ಮೇಷ್ಟ್ರು, ಬ್ಯಾಂಕ್ ಗುಮಾಸ್ತರು, ನಿವೃತ್ತರು ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ ಚೆಕ್ ಬರೆದರು. ದುಡ್ಡು ಎತ್ತಿದ ಎಷ್ಟೋ ಕಂಪನಿಗಳು ಆಮೇಲೆ ಲೆಕ್ಕಪತ್ರ ಸಲ್ಲಿಸಲಿಲ್ಲ. ಕೊಟ್ಟ ವಿಳಾಸದಲ್ಲಿ ಆಫೀಸೂ ಇರಲಿಲ್ಲ, ಡೈರೆಕ್ಟರೂ ಸಿಗಲಿಲ್ಲ. ಸರ್ಕಾರದ ಕಡತದಲ್ಲಿ ಇವಕ್ಕೆ ಬಿದ್ದ ಹೆಸರೇ 'ಮಾಯವಾದ ಕಂಪನಿಗಳು'. ಇನ್ನೂರಕ್ಕೂ ಹೆಚ್ಚು ಕಂಪನಿಗಳನ್ನ ಹಾಗೆ ಗುರುತಿಸಿದರು. ಇವತ್ತಿಗೂ ಕೆಲವರ ಮನೆಯ ಟ್ರಂಕಿನಲ್ಲಿ ಆ ಷೇರುಪತ್ರಗಳು ರೇಷ್ಮೆ ಸೀರೆಯ ಕೆಳಗೆ ಮಲಗಿವೆ.

ಎರಡನೇ ಅಲೆ ನಮ್ಮ ವೃತ್ತಿಯ ಹೆಸರಲ್ಲೇ ಬಂತು. 1999–2000ದಲ್ಲಿ ಸಾಫ್ಟ್‌ವೇರ್ ಷೇರುಗಳು ಆಕಾಶಕ್ಕೆ ಹೋದಾಗ, ಬೇರೇನೋ ವ್ಯಾಪಾರ ಮಾಡಿಕೊಂಡಿದ್ದ ಸಣ್ಣ ಕಂಪನಿಗಳು ರಾತ್ರೋರಾತ್ರಿ ಹೆಸರಿನ ಕೊನೆಗೆ 'ಇನ್ಫೋಟೆಕ್', 'ಸಾಫ್ಟ್‌ವೇರ್' ಅಂತ ಅಂಟಿಸಿಕೊಂಡವು. ಒಳಗೆ ಕೋಡ್ ಬರೆಯೋರು ಇದ್ದಾರಾ ಅಂತ ಯಾರೂ ಕೇಳಲಿಲ್ಲ. ಹೆಸರು ಬದಲಾದ್ರೆ ಸಾಕು, ಬೆಲೆ ಏರ್ತಿತ್ತು. 2001ರ ಮಾರ್ಚ್‌ನಲ್ಲಿ ಕೇತನ್ ಪಾರೇಖ್ ಹಗರಣ ಹೊರಬಂದು ಪೇಟೆ ಕುಸಿಯಿತು. ಒಂದು ಕಾಲದಲ್ಲಿ ಸಾವಿರ ದಾಟಿದ್ದ ಕೆಲವು ಷೇರುಗಳು ಒಂದಂಕಿಗೆ ಬಂದವು. "ಇಷ್ಟು ಬಿದ್ದಿದೆ, ಇನ್ನೆಷ್ಟು ಬೀಳತ್ತೆ?" ಅಂತ ಆಗ ಕೊಂಡವರು ಎರಡನೇ ಸಲ ಕಳಕೊಂಡರು. ಹೊಸ ಹೆಸರು ಸೂಚಿಸುವ ವ್ಯಾಪಾರದಿಂದಲೇ ಹಿಂದಿನ ಒಂದು ವರ್ಷದ ಆದಾಯದಲ್ಲಿ ಕನಿಷ್ಠ ಅರ್ಧ ಬಂದಿರಬೇಕು ಅನ್ನೋ ನಿಯಮ ಇವತ್ತು ಇರೋದು ಇಂಥ ಅನುಭವದಿಂದ.

ಮೂರನೆಯದು ಎಲ್ಲಕ್ಕಿಂತ ಚಾಲಾಕಿನದು. 2004ರ ಅಕ್ಟೋಬರ್‌ನಿಂದ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರನ್ನ ಪೇಟೆಯಲ್ಲಿ ಮಾರಿದ್ರೆ ಲಾಭಕ್ಕೆ ತೆರಿಗೆ ಇರಲಿಲ್ಲ. ಕಪ್ಪು ಹಣ ಬಿಳಿ ಮಾಡೋರಿಗೆ ಇದು ವರವಾಯ್ತು. ಒಬ್ಬರ ಹತ್ತಿರ ಒಂದು ಕೋಟಿ ನಗದು ಇದೆ ಅಂದ್ಕೊಳ್ಳಿ. ಸತ್ತಂತೆ ಬಿದ್ದಿರೋ ಕಂಪನಿಯೊಂದರ ಷೇರನ್ನ ಅವರಿಗೆ ಎರಡು ಲಕ್ಷಕ್ಕೆ ಕೊಡ್ತಾರೆ. ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಆಪರೇಟರ್ ತನ್ನದೇ ಹತ್ತಾರು ಖಾತೆಗಳ ನಡುವೆ ಮಾರಿ, ಕೊಂಡು, ಬೆಲೆಯನ್ನ ಐವತ್ತು ಪಟ್ಟು ಏರಿಸ್ತಾನೆ. ಆಮೇಲೆ ಅವರು ಮಾರ್ತಾರೆ. ಕೊಳ್ಳೋದು ಆಪರೇಟರನ ಕಾಗದದ ಕಂಪನಿ, ಅದಕ್ಕೆ ದುಡ್ಡು ಬಂದಿರೋದು ಅವರದೇ ನಗದಿನಿಂದ. ಕೋಟಿ ರೂಪಾಯಿ ತೆರಿಗೆಯಿಲ್ಲದ ಲಾಭವಾಗಿ ಬ್ಯಾಂಕಿಗೆ ಬಂತು.

ಇದರಲ್ಲಿ ನಮಗೇನು ಅಂತೀರಾ? ಆ ಐವತ್ತು ಪಟ್ಟಿನ ಚಾರ್ಟ್ ಎಲ್ಲರಿಗೂ ಕಾಣಿಸ್ತಿತ್ತು. ಅದನ್ನ ನೋಡಿ, ಕಂಪನಿ ಬೆಳೀತಿದೆ ಅಂತ ನಂಬಿ ದುಡ್ಡು ಹಾಕಿದವರಿಗೆ ಅದು ಬೇರೆಯವರ ಲಾಂಡ್ರಿ ಅಂತ ಗೊತ್ತಿರಲಿಲ್ಲ. ಬಟ್ಟೆ ಒಗೆದು ಮುಗಿದ ಮೇಲೆ ಬೆಲೆ ಹಿಡಿದು ನಿಲ್ಲಿಸೋರು ಯಾರೂ ಇರಲಿಲ್ಲ. 2017ರ ಆಗಸ್ಟ್‌ನಲ್ಲಿ ಸೆಬಿ 331 ಶಂಕಿತ ಕಂಪನಿಗಳ ವಹಿವಾಟಿಗೆ ಕಡಿವಾಣ ಹಾಕಿತು. 2018ರ ಏಪ್ರಿಲ್‌ನಿಂದ ಆ ತೆರಿಗೆ ವಿನಾಯಿತಿಯೂ ಹೋಯ್ತು.

ನಾಲ್ಕನೆಯದು ನಮ್ಮಂಥ ವಿಡಿಯೋ ಮಾಡೋರ ಕಥೆ. ಅದಕ್ಕೇ ಹೇಳಬೇಕು. 2022ರ ಜುಲೈನಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಅನ್ನೋ ಸಣ್ಣ ಕಂಪನಿಯ ಬಗ್ಗೆ ಯೂಟ್ಯೂಬಿನಲ್ಲಿ ವಿಡಿಯೋಗಳು ಬಂದವು. ದೊಡ್ಡ ಉದ್ಯಮ ಸಮೂಹವೊಂದು ಇದನ್ನ ಕೊಂಡುಕೊಳ್ತಿದೆ ಅನ್ನೋದು ಸುದ್ದಿ. ಸುಳ್ಳು ಸುದ್ದಿ. ಜಾಹೀರಾತಿಗೆ ದುಡ್ಡು ಸುರಿದು ವಿಡಿಯೋಗಳನ್ನ ಹಬ್ಬಿಸಿದರು. ಸೆಬಿ ಆದೇಶದ ಪ್ರಕಾರ ಆ ಷೇರು ಹಿಡಿದ ಸಣ್ಣ ಹೂಡಿಕೆದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಅವರು ಕೊಳ್ತಿದ್ದಾಗ, ಮೊದಲೇ ಷೇರು ಇಟ್ಟುಕೊಂಡಿದ್ದವರು ಮಾರಿ ಹೊರನಡೆದರು. 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಬಂತು. 2025ರ ಮೇ ತಿಂಗಳ ಅಂತಿಮ ಆದೇಶ 58 ಕೋಟಿ ರೂಪಾಯಿಯ ಅಕ್ರಮ ಲಾಭವನ್ನ ಬಡ್ಡಿ ಸಮೇತ ಕಕ್ಕಿ ಅಂತ ಹೇಳಿತು. ವಿಡಿಯೋ ಬಂದ ಹತ್ತಿರ ಹತ್ತಿರ ಮೂರು ವರ್ಷಕ್ಕೆ.

ಫುಟ್‌ಪಾತಿನ ಫಾರಂ, ಹೊಸ ಹೆಸರು, ಚಾರ್ಟ್, ವಿಡಿಯೋ. ಆಮಿಷ ಬೇರೆ ಬೇರೆ, ಆದ್ರೆ ನಾಲ್ಕು ಸಲವೂ ಬೇಕಾಗಿದ್ದು ಒಂದೇ: ಕೊನೆಯಲ್ಲಿ ಬಂದು ಕೊಳ್ಳೋ ಒಬ್ಬ ಸಂಬಳದಾರ. ಅವನಿಗಾಗಿಯೇ ಬೆಲೆ ಸಣ್ಣದಾಗಿರಬೇಕು.

ಸಿಕ್ಕಿಬೀಳೋದು ಹೇಗೆ ಅಂದ್ರೆ, ಇಂಥ ಷೇರಿಗೆ ದಿನಕ್ಕೆ ಇಂತಿಷ್ಟೇ ಏರಬೇಕು, ಇಳೀಬೇಕು ಅನ್ನೋ ಮಿತಿ ಇರತ್ತೆ, ಬಹಳ ಸಲ 5%. ದಿನಾ 5% ಏರಿದ್ರೆ ಹದಿನೈದು ವಹಿವಾಟಿನ ದಿನದಲ್ಲಿ ಡಬಲ್. ನೋಡೋಕೆ ಚೆನ್ನ. ಆದ್ರೆ ತಿರುಗಿದ ದಿನ ಲೋವರ್ ಸರ್ಕ್ಯೂಟ್ ಬೀಳತ್ತೆ, ಕೊಳ್ಳೋರೇ ಇರಲ್ಲ. ನಿಮ್ಮ ಸೆಲ್ ಆರ್ಡರ್ ಸಾಲಲ್ಲಿ ನಿಂತೇ ಇರತ್ತೆ, ಮಾರನೇ ದಿನವೂ, ಅದರ ಮಾರನೇ ದಿನವೂ. ಸ್ಟಾಪ್ ಲಾಸ್ ಹಾಕಿದ್ದೆ ಅನ್ನೋದು ಅಲ್ಲಿ ಕೆಲಸಕ್ಕೆ ಬರಲ್ಲ.

ಹಾಗಾದ್ರೆ ಸಣ್ಣ ಕಂಪನಿ ಎಲ್ಲವೂ ಮೋಸವಾ? ಅಲ್ಲ. ಆದ್ರೆ ಕೊಳ್ಳೋ ಮೊದಲು ಹತ್ತು ನಿಮಿಷ ಕೊಡಿ. ಷೇರುಪೇಟೆಯ ವೆಬ್‌ಸೈಟಲ್ಲಿ ಕಂಪನಿಯ ಆದಾಯ ನೋಡಿ, ಹೆಸರು ಯಾವಾಗ ಬದಲಾಯ್ತು ನೋಡಿ, ಪ್ರವರ್ತಕರ ಪಾಲು ಇಳೀತಿದೆಯಾ ನೋಡಿ. ಜಿಎಸ್‌ಎಂ ಅಥವಾ ಇಎಸ್‌ಎಂ ಅನ್ನೋ ನಿಗಾ ಪಟ್ಟಿಯಲ್ಲಿದ್ದರೆ ನಿಮ್ಮ ಆಪ್‌ನಲ್ಲೇ ಎಚ್ಚರಿಕೆ ಬರತ್ತೆ, ಅದನ್ನ 'ಓಕೆ' ಒತ್ತಿ ದಾಟಬೇಡಿ. ಮೋಸ ಹೋಗಿದ್ರೆ ನಾಚಿಕೆ ಬಿಟ್ಟು ಸೆಬಿಯ ಸ್ಕೋರ್ಸ್ ಪೋರ್ಟಲಲ್ಲಿ ದೂರು ಕೊಡಿ.

ಇನ್ನೊಂದು. ಈ ಚಾನೆಲ್ಲಿನಲ್ಲಿ ಇವತ್ತಿನವರೆಗೆ ಒಂದು ಷೇರನ್ನೂ ಕೊಳ್ಳಿ ಅಂತ ಹೇಳಿಲ್ಲ, ಹೇಳೋದೂ ಇಲ್ಲ. ಯಾವತ್ತಾದ್ರೂ ಹೇಳಿದ್ರೆ, ದಯವಿಟ್ಟು ಅವತ್ತೇ ಅನ್‌ಸಬ್‌ಸ್ಕ್ರೈಬ್ ಮಾಡಿ.

ಮುಂದಿನ ವಾರ ಸಿಗೋಣ. ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಕೇಳಿ ನೋಡಿ, ಆ ಟ್ರಂಕಿನಲ್ಲಿ ಯಾವ ಕಂಪನಿಯ ಕಾಗದ ಇದೆ ಅಂತ.