ಗುಲಾಬಿಯ ಸೀನಿನಿಂದ ಕಾಂಗ್ರೆಸ್ ಹುಲ್ಲಿನ ಉಬ್ಬಸದವರೆಗೆ

ಅಲರ್ಜಿ ಎಂಬ ಪದ ನಮ್ಮ ಹಳ್ಳಿಗಳಿಗೆ ಬಂದದ್ದು ಇತ್ತೀಚೆಗೆ. ಕಾಯಿಲೆ ಮಾತ್ರ ಹಳೆಯದು. ಉಸಿರು ಕಟ್ಟಿದರೆ ಉಬ್ಬಸ, ಗೂರಲು ಎನ್ನುತ್ತಿದ್ದರು. ಉರ್ದು ಮಾತಾಡುವ ಮನೆಗಳಲ್ಲಿ ದಮಾ. ಮೈಮೇಲೆ ಕೆಂಪಗೆ ಎದ್ದು ತುರಿಸಿದರೆ ಅದು ಪಿತ್ತಗಂಧೆ. ಯಾವುದಾದರೂ ತಿನಿಸು ತಿಂದು ಹೀಗಾದರೆ 'ಒಗ್ಗಲಿಲ್ಲ' ಎಂಬ ಒಂದೇ ಮಾತು. ಇನ್ನು ಮುಖವೋ ತುಟಿಯೋ ಇದ್ದಕ್ಕಿದ್ದಂತೆ ಊದಿಕೊಂಡರೆ ಹುಳ ಮುಟ್ಟಿರಬೇಕು, ಇಲ್ಲವೇ ಯಾರದೋ ದೃಷ್ಟಿ ತಾಗಿರಬೇಕು. ಈ ಮೂರೂ ಬಗೆಯ ರೋಗಿಗಳು ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳ ವೈದ್ಯರ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಹುಪಾಲು ಮಂದಿಗೆ ಸಿಗುವ ಚಿಕಿತ್ಸೆಯೂ ಒಂದೇ: ಒಂದು ಅವಿಲ್ ಸೂಜಿ, ಜೊತೆಗೆ ಒಂದು ಸ್ಟೀರಾಯ್ಡ್. ಅನೇಕರಿಗೆ ಅದರಿಂದ ಗುಣವಾಗುತ್ತದೆ. ಆಗದವರೂ ಇದ್ದಾರೆ. ಯಾಕೆ ಆಗುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಹಾದಿಯಲ್ಲಿ ಕರ್ನಾಟಕದ ಸಂಶೋಧಕರ ಹೆಜ್ಜೆಗಳೂ ಇವೆ.

ಹತ್ತನೆಯ ಶತಮಾನದ ಹೊತ್ತಿಗೆ ಇರಾನಿನ ರೇ ಪಟ್ಟಣದ ವೈದ್ಯ ಅಬೂಬಕರ್ ಅಲ್-ರಾಝಿ ಒಂದು ಸಣ್ಣ ಗ್ರಂಥ ಬರೆದರು. ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರಿಗೆ ವಸಂತಕಾಲದಲ್ಲಿ ಗುಲಾಬಿ ಮೂಸಿದಾಗ ಮಾತ್ರ ನೆಗಡಿ ಬರುವುದೇಕೆ ಎಂಬುದು ಅದರ ವಿಷಯ. ರಾಝಿ ಕೊಟ್ಟ ಕಾರಣ ಆ ಕಾಲದ ದೇಹದ್ರವಗಳ ಸಿದ್ಧಾಂತಕ್ಕೆ ಸೇರಿದ್ದು, ಇಂದು ನಿಲ್ಲುವಂಥದ್ದಲ್ಲ. ಆದರೆ ಅವರು ಗಮನಿಸಿದ ಸಂಗತಿ ನಿಲ್ಲುತ್ತದೆ: ಎಲ್ಲರಿಗೂ ಹಿತವಾದ ಗುಲಾಬಿ ಒಬ್ಬರಿಗೆ ಮಾತ್ರ, ಅದೂ ಒಂದು ಋತುವಿನಲ್ಲಿ ಮಾತ್ರ, ಕಾಯಿಲೆಯಾಗುತ್ತದೆ. ಹನ್ನೆರಡನೆಯ ಶತಮಾನದ ಕೊನೆಗೆ ಈಜಿಪ್ಟಿನಲ್ಲಿ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್ ರಾಜಮನೆತನದ ಒಬ್ಬ ರೋಗಿಗಾಗಿ ಉಬ್ಬಸದ ಬಗ್ಗೆಯೇ ಅರಬಿ ಭಾಷೆಯಲ್ಲಿ ಒಂದು ಪುಸ್ತಕ ಬರೆದುಕೊಟ್ಟರು. ಔಷಧಿಗಿಂತ ಊಟ, ನಿದ್ದೆ, ಊರಿನ ಗಾಳಿಯ ಬಗ್ಗೆ ಅವರು ಹೆಚ್ಚು ವಿಚಾರಿಸುತ್ತಾರೆ.

ಆಮೇಲಿನ ಕಥೆ ಯುರೋಪಿನದು, ಬೇಗ ಹೇಳಿ ಮುಗಿಸಬಹುದು. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತಾನೇ ಸೀನಿನ ರೋಗಿ. ಹುಲ್ಲಿನ ಪರಾಗವನ್ನು ತನ್ನ ಚರ್ಮ ಗೀರಿ ಹಚ್ಚಿಕೊಂಡು, ಗಾಳಿಯಲ್ಲಿ ಎಷ್ಟು ಪರಾಗವಿದೆಯೆಂದು ತಿಳಿಯಲು ಗಾಳಿಪಟ ಹಾರಿಸಿ, 1873ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದ ಹುಟ್ಟಿಸಿದ. 1966-67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆಬೇರೆಯಾಗಿ ಐಜಿಇ ಎಂಬ ಪ್ರೋಟೀನನ್ನು ಕಂಡುಹಿಡಿದರು. ಪರಾಗ, ಧೂಳು, ಜಿರಲೆಯ ಕಣಗಳಂಥ ನಿರಪಾಯದ ವಸ್ತುಗಳನ್ನು ಶತ್ರುವೆಂದು ತಿಳಿದು ದೇಹದೊಳಗೆ ಹಿಸ್ಟಮಿನ್ ಬಿಡುಗಡೆ ಮಾಡಿಸುವುದು ಇದೇ. ಅವಿಲ್ ಕೆಲಸ ಮಾಡುವುದು ಆ ಹಿಸ್ಟಮಿನ್ ವಿರುದ್ಧ.

ಇನ್ನು ನಮ್ಮ ನೆಲಕ್ಕೆ ಬರೋಣ. 1950ರ ದಶಕದಲ್ಲಿ ಪುಣೆಯ ಹತ್ತಿರ ಒಂದು ಹೊಸ ಕಳೆ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಅಮೆರಿಕ ಖಂಡದ ಪಾರ್ಥೇನಿಯಂ ಅದು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬುದು ಜನಪ್ರಿಯ ನಂಬಿಕೆ. ಎರಡೇ ದಶಕಗಳಲ್ಲಿ ಅದು ನಮ್ಮ ರಸ್ತೆ ಬದಿ, ರೈಲು ಹಳಿ, ಖಾಲಿ ಸೈಟು, ಬೀಳುಬಿಟ್ಟ ಹೊಲಗಳನ್ನೆಲ್ಲ ಆವರಿಸಿತು. ಬಿಳಿ ಟೋಪಿಯಂಥ ಹೂವಿನಿಂದಾಗಿ ಜನ ಅದನ್ನು ಕಾಂಗ್ರೆಸ್ ಹುಲ್ಲು ಎಂದು ಕರೆದರು ಎನ್ನುತ್ತಾರೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ದನ ಮುಟ್ಟುವುದಿಲ್ಲ. ಅದನ್ನು ಬರಿಗೈಯಲ್ಲಿ ಕಿತ್ತ ಕೂಲಿಕಾರರ ಕೈ, ಕುತ್ತಿಗೆ, ರೆಪ್ಪೆಗಳ ಚರ್ಮ ದಪ್ಪಗಾಗಿ ಕಪ್ಪಾಗಿ ತುರಿಸತೊಡಗಿತು. ಅನೇಕರಿಗೆ ಅದು ಜೀವಮಾನದ ಕಾಯಿಲೆಯಾಯಿತು.

ಚರ್ಮದ ಈ ರೋಗ ವೈದ್ಯರಿಗೆ ಬೇಗ ಗೊತ್ತಾಯಿತು. ಉಸಿರಾಟಕ್ಕೂ ಈ ಗಿಡ ತೊಂದರೆ ಕೊಡುತ್ತದೆಯೇ ಎಂಬ ಪ್ರಶ್ನೆ ಉಳಿದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು ಇದನ್ನು ಕೈಗೆತ್ತಿಕೊಂಡರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನೆಗಡಿ-ಸೀನಿನ ರೋಗಿಗಳಲ್ಲಿ ಶೇ. 34, ಆಸ್ತಮಾ ರೋಗಿಗಳಲ್ಲಿ ಶೇ. 12 ಮಂದಿ ಪಾರ್ಥೇನಿಯಂ ಪರಾಗದ ಚರ್ಮಪರೀಕ್ಷೆಗೆ ಪ್ರತಿಕ್ರಿಯಿಸಿದ್ದರು. ಒಂದೇ ಗಿಡ ಎರಡು ದಾರಿಯಲ್ಲಿ ಹೊಡೆಯುತ್ತಿತ್ತು. ಚರ್ಮದ ರೋಗಕ್ಕೆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಮುಖ್ಯ ಕಾರಣ. ಅಲ್ಲಿ ಐಜಿಇ ಪಾತ್ರ ಮುಖ್ಯವಲ್ಲ. ಸೀನಿಗೆ ಕಾರಣ ಪರಾಗದ ಪ್ರೋಟೀನು, ಅಲ್ಲಿ ಐಜಿಇಯದೇ ಆಟ. ನಾವು ಬೈದು ಸುಮ್ಮನಾಗುವ ಕಳೆಯ ಬಗ್ಗೆ ಇಷ್ಟು ಸೂಕ್ಷ್ಮವಾದ ಕೆಲಸ ನಮ್ಮಲ್ಲೇ ನಡೆದದ್ದು ಹೆಚ್ಚು ಜನರಿಗೆ ಗೊತ್ತಿಲ್ಲ. ಗಿಡವನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತಂದರು, ಮರುವರ್ಷ ಹೊರಗೆ ಬಿಟ್ಟರು. ಭತ್ತದ ತಳಿ ವಿಜ್ಞಾನಿ ಎಂ. ಮಹದೇವಪ್ಪ ತಗಚೆಯ ಜಾತಿಗೆ ಸೇರಿದ ಗಿಡವನ್ನು ಪೈಪೋಟಿಗೆ ಬೆಳೆಸಿ ಕಾಂಗ್ರೆಸ್ ಹುಲ್ಲನ್ನು ಹಿಮ್ಮೆಟ್ಟಿಸುವ ಪ್ರಯತ್ನ ಮಾಡಿದರು. ಹುಲ್ಲು ಇನ್ನೂ ಇದೆ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಎಚ್. ಪರಮೇಶ್ ಬೇರೊಂದು ಕೆಲಸ ಮಾಡಿದರು: ಲೆಕ್ಕ ಹಾಕಿದರು. ಆಸ್ಪತ್ರೆಗೆ ಬಂದ 20,000 ಮಕ್ಕಳಲ್ಲಿ ಆಸ್ತಮಾ ಇದ್ದವರು 1979ರಲ್ಲಿ ಶೇ. 9, 1989ರಲ್ಲಿ ಶೇ. 18.5, 1999ರಲ್ಲಿ ಶೇ. 29.5. ಇದು ಆಸ್ಪತ್ರೆಯ ಲೆಕ್ಕ, ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಆದರೆ ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯೂ ಅದೇ ದಿಕ್ಕನ್ನು ತೋರಿಸಿತು. ವಾಹನ ದಟ್ಟಣೆ ಕಡಿಮೆಯಿದ್ದ ಕಡೆಯ ಶಾಲೆಗಳಲ್ಲಿ ಶೇ. 11ರಷ್ಟಿದ್ದ ಆಸ್ತಮಾ ದಟ್ಟಣೆಯ ರಸ್ತೆಗಳ ಬಡ ಮಕ್ಕಳಲ್ಲಿ ಶೇ. 31ರಷ್ಟಿತ್ತು. ಹಳ್ಳಿ ಶಾಲೆಗಳಲ್ಲಿ ಶೇ. 5.7. ಕಾಯಿಲೆಗೂ ವಿಳಾಸವಿದೆ, ವರ್ಗವಿದೆ.

ಹಾಗೆಂದು ಹಳ್ಳಿಯವರು ನಿಶ್ಚಿಂತರಲ್ಲ. ಅರಕಲಗೂಡು ತಾಲೂಕಿನಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಲ್ಲಿ ಸೌದೆ ಉರಿಯುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿ ನೀರಿನ ಗದ್ದೆಗಳಿವೆ, ಒಕ್ಕಣೆಯ ಧೂಳಿದೆ. ಚನ್ನರಾಯಪಟ್ಟಣದ ಒಣ ಹೊಲಗಳಿಗೆ ಕಾಂಗ್ರೆಸ್ ಹುಲ್ಲು ಹೊಸ ನೆಂಟನಲ್ಲ. ಉಬ್ಬಸ ಯಾವ ತಿಂಗಳಲ್ಲಿ ಬರುತ್ತದೆ, ಏನು ಕೆಲಸ ಮಾಡುವಾಗ ಬರುತ್ತದೆ, ಊರು ಬಿಟ್ಟು ಹೋದರೆ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಈ ಮೂರು ತಾಲೂಕುಗಳ ಉತ್ತರ ಒಂದೇ ಆಗಿರಬೇಕಿಲ್ಲ.

ಹಾಗಾದರೆ ರಕ್ತಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ಕೇಳಬಹುದು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಪಿ. ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಆಹಾರ ಅಲರ್ಜಿಯ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಕಂಡುಬಂದವರು ಶೇ. 26.5. ನಿಜವಾಗಿ ಆಹಾರ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ! ದುಬಾರಿ ಪರೀಕ್ಷೆಯ ಚೀಟಿ ಹಿಡಿದು ಮಕ್ಕಳಿಗೆ ಹಾಲು, ಮೊಟ್ಟೆ, ಬೇಳೆ ಎಲ್ಲವನ್ನೂ ಬಿಡಿಸುವ ತಂದೆತಾಯಿಯರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ಆ ಮೂರನೆಯ ರೋಗಿ, ಮುಖ ಊದಿಕೊಂಡು ಬಂದವನು. ಇಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು. ಜರ್ಮನಿಯ ಕ್ವಿಂಕೆ 1882ರಲ್ಲಿ ಇಂಥ ಊತವನ್ನು ವಿವರಿಸಿದ್ದ. 1888ರಲ್ಲಿ ವಿಲಿಯಂ ಓಸ್ಲರ್ ಒಬ್ಬ ರೋಗಿಯ ಮನೆಯವರನ್ನೆಲ್ಲ ವಿಚಾರಿಸಿ, ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಈ ಊತ ಹರಿದು ಬಂದಿರುವುದನ್ನು ಬರೆದ. ಆ ಮನೆತನದಲ್ಲಿ ಗಂಟಲು ಊದಿ ಸತ್ತವರೂ ಇದ್ದರು. ಕಾರಣ ಗೊತ್ತಾದದ್ದು 1963ರಲ್ಲಿ. ಅಮೆರಿಕದ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್, ಈ ರೋಗಿಗಳ ರಕ್ತದಲ್ಲಿ ಸಿ-1 ಇನ್ಹಿಬಿಟರ್ ಎಂಬ ತಡೆ ಪ್ರೋಟೀನಿನ ಕೊರತೆಯಿದೆ ಎಂದು ತೋರಿಸಿದರು. ತಡೆ ಇಲ್ಲದಾಗ ಬ್ರಾಡಿಕೈನಿನ್ ಎಂಬ ವಸ್ತು ಹೆಚ್ಚಾಗಿ ರಕ್ತನಾಳಗಳಿಂದ ನೀರು ಸೋರಿ ಊತ ಬರುತ್ತದೆ. ಹಿಸ್ಟಮಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಅವಿಲ್, ಸ್ಟೀರಾಯ್ಡ್, ಅಡ್ರಿನಲಿನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಗಂಧೆ ಏಳುವುದಿಲ್ಲ, ತುರಿಕೆಯೂ ಇಲ್ಲ. ಊತ ನಿಧಾನವಾಗಿ ಏರಿ ಎರಡು ಮೂರು ದಿನ ಉಳಿಯುತ್ತದೆ. ಕರುಳು ಊದಿದರೆ ಸಹಿಸಲಾಗದ ಹೊಟ್ಟೆನೋವು. ಅಪೆಂಡಿಕ್ಸ್ ಎಂದು ತಿಳಿದು ಸುಮ್ಮನೆ ಹೊಟ್ಟೆ ಕೊಯ್ಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಇವರಿಗೆ ಅಪಾಯಕಾರಿ. ನಮ್ಮಲ್ಲಿ ಮಾವನ ಮಗಳು, ಅಕ್ಕನ ಮಗಳು, ಚಿಕ್ಕಪ್ಪನ ಮಗಳು ಎಂದು ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆಯ ರಕ್ತಸಂಬಂಧದ ಮದುವೆಗಳು ನಡೆಯುವುದರಿಂದ, ವಂಶದ ಕಾಯಿಲೆ ಎಂದೊಡನೆ ಅದರ ಮೇಲೆ ಗೂಬೆ ಕೂರಿಸುವುದು ರೂಢಿ. ಈ ರೋಗಕ್ಕೆ ಅದು ಅನ್ವಯಿಸುವುದಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದೇ ಇಲ್ಲ. ಸೊಸೆಯ ತವರನ್ನು ದೂರುವವರು ಇದನ್ನೂ ಕೇಳಿಸಿಕೊಳ್ಳಲಿ.

ಸಿ-1 ಇನ್ಹಿಬಿಟರನ್ನೇ ಸೂಜಿಯಾಗಿ ಕೊಡುವ, ಬ್ರಾಡಿಕೈನಿನ್ನನ್ನು ತಡೆಯುವ ಔಷಧಿಗಳು ಈಗ ಇವೆ, ಆದರೆ ಬಹಳ ದುಬಾರಿ. ಅವು ಸಿಗದ ಕಡೆ ತುರ್ತಿಗೆ ಶೈತ್ಯೀಕರಿಸಿದ ಪ್ಲಾಸ್ಮಾ ಕೊಡುತ್ತಾರೆ, ಊತ ಮರುಕಳಿಸದಂತೆ ಡನಾಝೋಲ್ ಅಥವಾ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬಳಸುತ್ತಾರೆ. ಅನುಮಾನ ಬಂದರೆ ಮೊದಲು ಮಾಡಿಸಬೇಕಾದ್ದು ಸಿ-4 ಎಂಬ ರಕ್ತಪರೀಕ್ಷೆ. ಹೆಚ್ಚಿನ ರೋಗಿಗಳಲ್ಲಿ ಅದು ಕಡಿಮೆ ಇರುತ್ತದೆ. ಆ ಅನುಮಾನ ಬರಬೇಕಾದರೆ ಮಾತ್ರ ಸರತಿಯ ಗಡಿಬಿಡಿಯ ನಡುವೆಯೂ ಯಾರಾದರೂ ಕೇಳಬೇಕು: ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಊದಿಕೊಂಡಿತ್ತೇ, ಗಂಟಲು ಕಟ್ಟಿ ಯಾರಾದರೂ ತೀರಿಕೊಂಡಿದ್ದರೇ?