ಹೂಕುಂಡಕ್ಕೊಂದು ಚಿತ್ತಾರ: ದಸರಾ ರಜೆಯಲ್ಲಿ ಮಕ್ಕಳೊಡನೆ ಕೆಮ್ಮಣ್ಣಿನ ಕೆಲಸ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಮನೆಯಂಗಳದಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಮುಂಗಾರಿಗೆ ಮುನ್ನ ಗಡ್ಡೆ ನೆಟ್ಟು, ಶ್ರಾವಣದಲ್ಲಿ ಹೂ ಕಂಡು, ತಮ್ಮಲ್ಲಿಲ್ಲದ ಬಣ್ಣದ ಗಡ್ಡೆಯನ್ನು ನೆಂಟರಿಷ್ಟರಿಂದ ಬದಲಿಸಿಕೊಳ್ಳುವುದು ಇಲ್ಲಿನ ಗೃಹಿಣಿಯರ ಹಳೆಯ ಹವ್ಯಾಸ. ಆ ಸಂಭ್ರಮ ಮುಗಿದು ಕುಂಡಗಳು ತೆರವಾಗುವ ಹೊತ್ತಿಗೆ ನವರಾತ್ರಿ ಬಂದಿರುತ್ತದೆ, ಮಕ್ಕಳಿಗೆ ರಜೆಯೂ ಸಿಕ್ಕಿರುತ್ತದೆ. ಹೂಕುಂಡಗಳನ್ನು ಸಿಂಗರಿಸಲು ಇದೇ ಸಕಾಲ. ಈ ಸೀಮೆಯ ಸಾಂಪ್ರದಾಯಿಕ ಬಣ್ಣಗಳೆಲ್ಲ ನೀರಿಗೆ ಕರಗುವಂಥವು. ಮಳೆ ಹಿಂದೆಗೆದ ಮೇಲಷ್ಟೇ ನಿಲ್ಲುತ್ತವೆ.

ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಸಾಗರ, ಸೊರಬದಿಂದ ಸಿದ್ದಾಪುರ, ಶಿರಸಿಯವರೆಗೆ ಹರಡಿರುವ ದೀವರ ಮನೆಗಳಲ್ಲಿ ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆಂದು ಭೂಮಣ್ಣಿ ಬುಟ್ಟಿ ಸಿದ್ಧವಾಗುವುದು ಇದೇ ದಿನಗಳಲ್ಲಿ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಕುಂಚ ಪುಂಡಿ ನಾರಿನದು. ಕಪ್ಪು ಬೇಕೆಂದರೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹುಣ್ಣಿಮೆಯ ದಿನ ಬಗೆಬಗೆಯ ಅಡುಗೆ ತುಂಬಿಕೊಂಡು ಬುಟ್ಟಿ ಗದ್ದೆಗೆ ಹೋಗುತ್ತದೆ. ತೆನೆಗಟ್ಟುತ್ತಿರುವ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕೆಂಬುದು ನಂಬಿಕೆ.

ಇದೇ ಚಿತ್ತಾರ ಮದುವೆ ಮನೆಯ ಹಸೆ ಗೋಡೆಯನ್ನೂ ತುಂಬುತ್ತಿತ್ತು. ಮಣ್ಣಿನ ಗೋಡೆ ಇದ್ದಷ್ಟು ಕಾಲ ಹುಡುಗಿಯರು ಮೂಲೆಯಲ್ಲೆಲ್ಲೋ ಸೊಟ್ಟ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಕಲಿತರು. ಸಿಮೆಂಟ್ ಗೋಡೆ ಬಂದ ಮೇಲೆ ಆ ಅವಕಾಶ ಕಿರಿದಾಯಿತು. ವರ್ಷಕ್ಕೊಮ್ಮೆ ಬರುವ ಪೂಜೆಯ ಬುಟ್ಟಿಯ ಮೇಲೆ ನಾಲ್ಕು ವರ್ಷದ ಮಗುವಿಗೆ ಕೈಯಾಡಿಸಲು ಬಿಡುವವರು ಯಾರು? ಹೂಕುಂಡಕ್ಕೆ ಅಂಥ ಮಡಿಯಿಲ್ಲ. ಕೆಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಕೆಂಪು ಮೈಯ ಮಡಕೆಗೆ ಬಿಳಿ ಗೆರೆ ಎಂಬುದು ಈ ನೆಲಕ್ಕೆ ಹೊಸದೂ ಅಲ್ಲ. ಬನವಾಸಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಅಂಥ ಮಡಕೆ ಚೂರುಗಳು ದೊರೆತಿವೆ. ಆದರೆ ಅವಕ್ಕೂ ಇಂದಿನ ಚಿತ್ತಾರಕ್ಕೂ ನೇರ ನಂಟು ಕಲ್ಪಿಸುವುದು ಅವಸರದ ಮಾತಾದೀತು.

ಮಾಡುವ ಬಗೆ ಹೀಗಿದೆ. ಬಣ್ಣ ಕಾಣದ ಸುಟ್ಟ ಮಣ್ಣಿನ ಕುಂಡವನ್ನು ಧೂಳು ಹೋಗುವಂತೆ ತೊಳೆದು ಒಂದು ದಿನ ಬಿಸಿಲಿಗಿಡಬೇಕು. ಕೆಮ್ಮಣ್ಣು ನಗರಗಳ ಗ್ರಂಥಿಗೆ ಅಂಗಡಿಗಳಲ್ಲೂ ಸಿಗುತ್ತದೆ. ಅದನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅನ್ನದ ಗಂಜಿ ಬೆರೆಸಿದರೆ ಮೈಗೆ ಕಚ್ಚಿಕೊಳ್ಳುತ್ತದೆ. ತೆಳುವಾಗಿ ಎರಡು ಸಲ ಬಳಿದು ನೆರಳಿನಲ್ಲಿ ಒಣಗಿಸಿ. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಮೂರು-ನಾಲ್ಕು ಗಂಟೆ ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿಕೊಳ್ಳಿ. ಹದ ನೀರುದೋಸೆಯ ಹಿಟ್ಟಿಗಿಂತ ತುಸು ಗಟ್ಟಿ. ಪುಂಡಿ ನಾರು ಸಿಗದವರು ತೆಂಗಿನ ಗರಿಯ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಳ್ಳಬಹುದು.

ಮೂರು-ನಾಲ್ಕು ವರ್ಷದವರಿಗೆ ಕುಂಚ ಬೇಡ. ಬೆರಳ ತುದಿಯ ಚುಕ್ಕೆ, ಅಡ್ಡ ಕೊಯ್ದ ಬೆಂಡೆಕಾಯಿಯ ಅಚ್ಚು ಸಾಕು. ಐದಾರು ವರ್ಷದವರು ಕಂಠದ ಕೆಳಗೆ ಜೋಡಿ ಗೆರೆ ಎಳೆದು, ನಡುವೆ ಏಣಿ, ಭತ್ತದ ಸಸಿ, ಸೂರ್ಯ-ಚಂದ್ರ ತುಂಬಬಲ್ಲರು. ಗೆರೆ ನೇರ ಬರಲೆಂದು ದೊಡ್ಡವರು ಕೈ ಹಿಡಿದು ಬರೆಸುವುದು ಬೇಡ. ಬೇಕಾದರೆ ಹಿಟ್ಟಿನಲ್ಲಿ ಅದ್ದಿದ ನೂಲನ್ನು ಎಳೆದು ಒತ್ತಿ ತೋರಿಸಿ. ಒಂದು ಮಾತು: ಬಿಳಿ ಗೆರೆಯ ಚಿತ್ರವನ್ನೆಲ್ಲ 'ವರ್ಲಿ' ಎನ್ನುವ ರೂಢಿ ನಗರಗಳಲ್ಲಿದೆ. ವರ್ಲಿ ಮುಖ್ಯವಾಗಿ ಮಹಾರಾಷ್ಟ್ರದ ಬುಡಕಟ್ಟಿನ ಕಲೆ. ಇದು ಮಲೆನಾಡಿನ ದೀವರ ಹೆಂಗಸರು ಉಳಿಸಿಕೊಂಡು ಬಂದ ಚಿತ್ತಾರ. ಮಗುವಿಗೆ ಆ ಹೆಸರನ್ನೇ ಹೇಳಿಕೊಡುವುದು ನ್ಯಾಯ.

ಬಣ್ಣ ಬಾಳಲೆಂದು ಎಣ್ಣೆ ಬಣ್ಣ ಹಚ್ಚುವವರಿದ್ದಾರೆ. ಅದು ಮಣ್ಣಿನ ಕುಂಡದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಗೋಡೆಯ ಮೂಲಕ ತೇವ ಆರದೆ ಬೇರು ಕೊಳೆಯುವ ಸಂಭವ ಹೆಚ್ಚು. ಮಕ್ಕಳ ಮಟ್ಟಿಗೆ ಇನ್ನೊಂದು ಅಪಾಯವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡಲೇಬಾರದು. ಅಕ್ಕಿ ಹಿಟ್ಟು ಬಾಯಿಗೆ ಹೋದರೂ ಚಿಂತೆಯಿಲ್ಲ.

ಬಣ್ಣ ಒಣಗಿ ಎರಡು ದಿನವಾದ ಬಳಿಕ ಗೊಂಡೆ ಹೂವಿನ ಸಸಿ ನೆಡಬಹುದು. ನೀರನ್ನು ಬುಡಕ್ಕೆ ಮಾತ್ರ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಳಗಿನ ತೇವಕ್ಕೆ ಕೆಳಭಾಗದ ಕೆಮ್ಮಣ್ಣು ಮೊದಲು ಉದುರುವುದರಿಂದ ಅಲ್ಲಿ ಚಿತ್ತಾರ ಬಿಡಿಸದಿರುವುದು ಲೇಸು. ಕುಂಡ ಜಗಲಿಯ ಮೇಲಿದ್ದರೆ ಬೇಸಿಗೆಯವರೆಗೆ ಗೆರೆ ಉಳಿದೀತು. ಮುಂದಿನ ಮಳೆಗೆ ತೊಳೆದುಹೋದರೆ ದಸರೆಯಲ್ಲಿ ಅದೇ ಕುಂಡಕ್ಕೆ ಮತ್ತೆ ಕೆಮ್ಮಣ್ಣು ಬಳಿಯಬಹುದು.